ಚಳಿಯನ್ನು ಎಣಿಸುವ ಮರ

ಪ್ಲಮ್ಮಿಗೂ ಏಪ್ರಿಕಾಟಿಗೂ ನಂಟು ಬೆಳೆಸುವ ಸಾಹಸ ಕ್ಯಾಲಿಫೋರ್ನಿಯದಲ್ಲಿ ಹಳೆಯದು. ಸಾಂಟಾ ರೋಸಾ ಊರಿನ ಲೂಥರ್ ಬರ್ಬ್ಯಾಂಕ್ (1849–1926) ಇವೆರಡರ ಸಂಕರದಿಂದ ‘ಪ್ಲಮ್‌ಕಾಟ್’ ಪಡೆದರು. ಮುಂದೆ ಮೊಡೆಸ್ಟೊದ ಫ್ಲಾಯ್ಡ್ ಝೈಗರ್ ಆ ಸಂಕರವನ್ನು ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿ, ಪ್ಲಮ್ಮಿನ ಅಂಶವೇ ಹೆಚ್ಚಾದ ‘ಪ್ಲೂಅಟ್’ ಹಣ್ಣನ್ನು ರೂಪಿಸಿದರು. ನುಣುಪು ಸಿಪ್ಪೆ, ತುಂಬಿದ ರಸ, ಸಮೃದ್ಧವಾದ ಸಿಹಿ! ಒಮ್ಮೆ ತಿಂದವರಿಗೆ ಹಿತ್ತಿಲಲ್ಲೊಂದು ಸಸಿ ನೆಡುವ ಆಸೆ ಹುಟ್ಟುವುದು ಸಹಜವೇ.

ಆದರೆ ಲಾಸ್ ಏಂಜಲೀಸಿನಂತಹ ಬೆಚ್ಚನೆಯ ಊರಿನಲ್ಲಿ ನಾಲಗೆಯನ್ನಷ್ಟೇ ನಂಬಿ ಸಸಿ ಕೊಳ್ಳಲಾಗದು. ಮಾವಿನಂತೆ ಒಳಗೆ ಗಟ್ಟಿ ಓಟೆಯಿದ್ದರೂ ಇವು ಮಾವಿನಂತೆ ಸದಾ ಹಸುರಲ್ಲ. ಎಲೆಯುದುರಿಸಿ ನಿದ್ರಿಸುವ ಮರಗಳು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯ ಗಂಟೆಗಳು ಸಾಕಷ್ಟು ಕೂಡದೆ ಅವು ಸರಿಯಾಗಿ ಎಚ್ಚರಗೊಳ್ಳವು. ಕೆಲವು ಪೀಚ್ ತಳಿಗಳು 800 ಗಂಟೆ ಬೇಡುತ್ತವೆ. ಬಿಸಿನಾಡಿಗೆ 300ರೊಳಗೆ ತೃಪ್ತಿಪಡುವ ತಳಿಯೇ ಲೇಸು. ಚಳಿ ಸಾಲದ ವರ್ಷ ಹೂಗಳು ತಡವಾಗಿ, ವಾರಗಟ್ಟಲೆ ಚೆದರಿ ಅರಳುತ್ತವೆ.

ಇದರಿಂದ ಇನ್ನೊಂದು ತೊಡಕು. ಬಹುಪಾಲು ಪ್ಲೂಅಟ್‌ಗಳಿಗೆ ತಮ್ಮ ಪರಾಗ ತಮಗೆ ಸಲ್ಲದು. ನೆರೆಯ ಜಪಾನೀ ಪ್ಲಮ್ ಜೊತೆಜೊತೆಗೇ ಅರಳಬೇಕು. ಬರ್ಬ್ಯಾಂಕರು 1906ರಲ್ಲಿ ಹೊರತಂದ ‘ಸಾಂಟಾ ರೋಸಾ’ ಪ್ಲಮ್ ಇಂದಿಗೂ ಈ ಕೆಲಸಕ್ಕೆ ಒದಗುತ್ತಿದೆ. ಎರಡು ಮರಗಳಿಗೆ ಎಡೆಯಿಲ್ಲದವರು ಅದರ ಕಡ್ಡಿಯನ್ನು ಪ್ಲೂಅಟ್ ಮರಕ್ಕೇ ಕಸಿಕಟ್ಟುತ್ತಾರೆ. ನನಗೆ ಮೆಚ್ಚಾದ ಉಪಾಯವಿದು.

ಈಗ ಚಳಿಗಾಲಗಳೇ ಬೆಚ್ಚಗಾಗುತ್ತಿವೆ. ಇಂದು ನೆಟ್ಟ ಸಸಿ ಹದಿನೈದು ಇಪ್ಪತ್ತು ವರ್ಷ ಫಲಿಸಬೇಕಾದುದು. ಆದುದರಿಂದ ಕೊಳ್ಳುವವರು, ತಮ್ಮೂರಿನ ಇಂದಿನ ಚಳಿಗಿಂತ ತುಸು ಕಡಮೆಯನ್ನೇ ಬೇಡುವ ತಳಿಯನ್ನು ಕೇಳಿ ಪಡೆಯುವುದು ಒಳಿತು.