ಸಣ್ಣ ಜೀವಗಳ ಸಮೀಪಚಿತ್ರ



ಬಳ್ಳಾರಿ ರಸ್ತೆಯನ್ನು ಹಿಡಿದು ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಹೊರಟವರಿಗೆ ನಡುದಾರಿಯಲ್ಲಿ ಸಿಕ್ಕುವ ಊರು ಬ್ಯಾಟರಾಯನಪುರ. ಮೈಸೂರು ರಸ್ತೆಯಲ್ಲಿಯೂ ಇದೇ ಹೆಸರಿನ ಸ್ಥಳವೊಂದುಂಟು. ನಾವು ಹೇಳಹೊರಟಿರುವುದು ಉತ್ತರದಿಕ್ಕಿನ ಊರನ್ನು. 2007ರಲ್ಲಿ ಬೆಂಗಳೂರು ಮಹಾನಗರದೊಳಕ್ಕೆ ಸೇರುವುದಕ್ಕೆ ಮೊದಲು ಇದಕ್ಕೆ ತನ್ನದೇ ಆದ ನಗರಸಭೆಯಿದ್ದಿತು. ಬ್ಯಾಟರಾಯನೆಂದರೆ ಬೇಟೆರಾಯ, ಬೇಟೆಯ ಒಡೆಯ. ಅಂಥ ಹೆಸರುಳ್ಳ ಊರಿನಲ್ಲಿ ಈಗ ಬೇಟೆಗೆ ಏನು ಉಳಿದಿದೆಯೆಂದು ಯಾರಾದರೂ ಕೇಳಿದರೆ, ನಾವು ಖಾಲಿ ನಿವೇಶನದಲ್ಲಿ ತಾನಾಗಿ ಬೆಳೆದ ಒಂದು ಎಕ್ಕದ ಗಿಡವನ್ನು ತೋರಿಸುತ್ತೇವೆ. ಅದರ ಎಲೆಯ ಅಡಿಯಲ್ಲಿ ಬೇಟೆ ಕಾದಿದೆ. ಆದರೆ ಅದಕ್ಕೆ ಬೇಕಾದ ಆಯುಧ ಕ್ಯಾಮರಾ; ಬೇಟೆ ಮುಗಿದ ಮೇಲೆ ಪ್ರಾಣಿಯು ಇದ್ದಂತೆಯೇ ಎಲೆಯನ್ನು ಮೇಯುತ್ತಿರಬೇಕು. ಈ ಎರಡನೆಯ ನಿಯಮವೇ ನಮ್ಮ ಈ ದಿನದ ಭಾಷಣದ ವಿಷಯ.

ಮೊದಲು ಸಮೀಪಚಿತ್ರವೆಂದರೇನೆಂಬುದನ್ನು ತಿಳಿಯೋಣ. ಕ್ಯಾಮರಾದೊಳಗಣ ಫಲಕದ ಮೇಲೆ ಬೀಳುವ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿದ್ದರೆ ಅದನ್ನು ಒಂದಕ್ಕೊಂದು ಪ್ರಮಾಣವೆನ್ನುತ್ತಾರೆ. ಬಳಕೆಯಲ್ಲಿರುವ ಫಲಕಗಳಲ್ಲಿ ಒಂದರ ಅಳತೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಈ ಪ್ರಮಾಣದಲ್ಲಿ 12 ಮಿಲಿಮೀಟರ್ ಉದ್ದದ ಒಂದು ಜೇನು ಚಿತ್ರದ ಉದ್ದದಲ್ಲಿ ಮೂರರಲ್ಲೊಂದು ಪಾಲನ್ನು ತುಂಬುತ್ತದೆ. ಬರಿಗಣ್ಣಿಗೆ ಕಾಣದಿದ್ದ ರೋಮಗಳನ್ನು ಆಗ ಎಣಿಸಬಹುದು. ಸಾಮಾನ್ಯವಾದ ಮಸೂರವು ಇಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಿಸಲಾರದು. ಅದನ್ನು ಫಲಕದಿಂದ ಇನ್ನಷ್ಟು ದೂರಕ್ಕೆ ಸರಿಸಬೇಕು. 50 ಮಿಲಿಮೀಟರ್ ನಾಭಿದೂರದ ಮಸೂರಕ್ಕೂ ಕ್ಯಾಮರಾಕ್ಕೂ ನಡುವೆ 50 ಮಿಲಿಮೀಟರ್ ಉದ್ದದ ಟೊಳ್ಳು ಕೊಳವೆಯನ್ನು ಸೇರಿಸಿದರೆ ಒಂದಕ್ಕೊಂದು ಪ್ರಮಾಣ ದೊರೆಯುತ್ತದೆ. ಆದರೆ ಬೆಳಕು ಸಾಗಬೇಕಾದ ದಾರಿ ಇಮ್ಮಡಿಯಾದುದರಿಂದ ಫಲಕವನ್ನು ಮುಟ್ಟುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಈ ಕೆಲಸಕ್ಕೆಂದೇ ರಚಿಸಿದ ಮಸೂರಗಳೂ ಉಂಟು. ಅವುಗಳಲ್ಲಿ ಮೊದಮೊದಲಿನದಾದ ಕಿಲ್‌ಫಿಟ್ಟರ ಮಸೂರವು 1955ರಲ್ಲಿ ಹೊರಬಂದಿತು.

ಬೆಳಕಿನ ಕೊರತೆಯನ್ನು ಹೇಗಾದರೂ ತುಂಬಬಹುದು. ನಿಜವಾದ ಕಷ್ಟವಿರುವುದು ಸ್ಪಷ್ಟತೆಯ ಆಳದಲ್ಲಿ. ಒಂದಕ್ಕೊಂದು ಪ್ರಮಾಣದಲ್ಲಿ ಮಸೂರದ ಕಂಡಿಯನ್ನು ಎಫ್ 8ಕ್ಕೆ ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 1 ಮಿಲಿಮೀಟರ್ ಮಾತ್ರ. ಕಂಡಿಯನ್ನು ಎಫ್ 16ಕ್ಕೆ ಕಿರಿದುಮಾಡಿದರೆ ಅದು 2 ಮಿಲಿಮೀಟರಿನ ಹತ್ತಿರಕ್ಕೆ ಬರುತ್ತದೆ. ಇನ್ನೂ ಕಿರಿದುಮಾಡಿದರೆ ಬೆಳಕು ಕಂಡಿಯ ಅಂಚಿನಲ್ಲಿ ಚದರಿ ಇಡೀ ಚಿತ್ರವೇ ಮಂಕಾಗುತ್ತದೆ. ಆದುದರಿಂದ ಚಿತ್ರಕಾರನು ತನಗೆ ದೊರೆತ ಆ ಒಂದೆರಡು ಮಿಲಿಮೀಟರನ್ನು ಜಿಪುಣನಂತೆ ಖರ್ಚು ಮಾಡಬೇಕು. ಎಲ್ಲಕ್ಕಿಂತ ಮೊದಲು ಕಣ್ಣು ಸ್ಪಷ್ಟವಾಗಿರಬೇಕು. ಚಿಟ್ಟೆಯು ರೆಕ್ಕೆ ಮಡಿಸಿ ಕುಳಿತಿದ್ದರೆ ರೆಕ್ಕೆಯ ಬಯಲಿಗೆ ಕ್ಯಾಮರಾದ ಫಲಕವು ಸಮಾನಾಂತರವಾಗಿರಬೇಕು. ಇಲ್ಲಿ ನಮ್ಮ ಉಸಿರೇ ನಮಗೆ ಶತ್ರು. ಹುಲ್ಲನ್ನು ಅಲುಗಿಸುವ ಎಳೆಗಾಳಿ ಎರಡನೆಯ ಶತ್ರು. ಮಿಂಚುದೀಪದ ಕ್ಷಣಿಕವಾದ ಬೆಳಕು ಈ ಅಲುಗಾಟವನ್ನು ಹಿಡಿದು ನಿಲ್ಲಿಸುತ್ತದೆ. ಅದರ ಮುಂದೆ ಒಂದು ಬಿಳಿಯ ತೆಳುಗಾಗದವನ್ನು ಹಿಡಿದರೆ ಜೀರುಂಡೆಯ ಬೆನ್ನಿನ ಮೇಲೆ ಕಣ್ಣುಕುಕ್ಕುವ ಹೊಳಪು ಬೀಳುವುದಿಲ್ಲ.

ಇಷ್ಟು ಸಿದ್ಧತೆಯೊಡನೆ ಬೆಳಗಿನ ಹೊತ್ತು ಹೊರಡೋಣ. ಬ್ಯಾಟರಾಯನಪುರದ ಪಕ್ಕದಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೊಲ ತೋಪುಗಳಿವೆ. ಪೂರ್ವದಲ್ಲಿ ಜಕ್ಕೂರು, ರಾಚೇನಹಳ್ಳಿಯ ಕೆರೆಗಳಿವೆ. ಅಷ್ಟು ದೂರ ನಡೆಯಲಾರದವರಿಗೆ ಮನೆಯ ಹಿತ್ತಲೂ ಸಾಕು. ನಾವು ಹೇಳಿದ ಎಕ್ಕದ ಎಲೆಯ ಕೆಳಗೆ ಕಪ್ಪು, ಬಿಳಿ, ಹಳದಿಯ ಪಟ್ಟೆಗಳ ಒಂದು ಹುಳುವಿರುತ್ತದೆ. ಚಿತ್ರದಲ್ಲಿ ನೋಡಿದಾಗ ಅದರ ಬೆನ್ನಿನ ಮೇಲೆ ಮೂರು ಜೊತೆ ಕರಿಯ ಎಳೆಗಳು ಕಾಣುತ್ತವೆ. ಮುಂದೆ ಕಿತ್ತಳೆಬಣ್ಣದ ಚಿಟ್ಟೆಯಾಗುವುದು ಇದೇ. ಮಾವಿನ ಮರದಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಜಿಗಗಳ ನಡುವೆ ಕೆಲವೊಮ್ಮೆ ಒಂದು ವಂಚಕ ಪ್ರಾಣಿ ಓಡಾಡುತ್ತಿರುತ್ತದೆ. ಬರಿಗಣ್ಣಿಗೆ ಅದೂ ಕೆಂಜಿಗವೇ. ಚಿತ್ರದಲ್ಲಿ ಕಾಲುಗಳನ್ನು ಎಣಿಸಿದರೆ ಆರಲ್ಲ, ಎಂಟು! ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಆಡಿಸುತ್ತಿರುವ ಅದು ಇರುವೆಯ ವೇಷದ ಜೇಡ.

ಇನ್ನು ಮುಂಜಾನೆಯ ವಿಶೇಷವನ್ನು ಹೇಳಬೇಕು. ಹೊಟ್ಟೆಯ ಮೇಲೆ ನೀಲಿಪಟ್ಟೆಗಳುಳ್ಳ ಒಂದು ಬಗೆಯ ಒಂಟಿಜೇನು ನಮ್ಮ ತೋಟಗಳಲ್ಲಿ ಇದೆ. ಹಗಲಿನಲ್ಲಿ ಅದನ್ನು ಚಿತ್ರಿಸುವುದು ಅಸಾಧ್ಯವೆಂಬಷ್ಟು ಚುರುಕು. ಸಂಜೆಯಾಗುತ್ತಲೇ ಇದರ ಗಂಡುಗಳು ಒಂದು ಒಣಕಡ್ಡಿಯನ್ನು ದವಡೆಯಿಂದ ಕಚ್ಚಿಹಿಡಿದು, ಸಾಲಾಗಿ ತೂಗಿ ನಿದ್ರೆಮಾಡುತ್ತವೆ. ಸೂರ್ಯೋದಯದ ವೇಳೆಗೆ ಮೈಯೆಲ್ಲ ಇಬ್ಬನಿ. ಬಿಸಿಲು ತಾಗಿ ಮೈ ಕಾಯುವವರೆಗೂ ಅವು ಕದಲುವುದಿಲ್ಲ. ಅಂಥ ಹೊತ್ತಿನಲ್ಲಿ ನಾಭಿಯನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಅವುಗಳ ಸ್ಪಷ್ಟಭಾಗಗಳನ್ನು ಗಣಕಯಂತ್ರದಿಂದ ಒಂದುಗೂಡಿಸಿದರೆ, ತಲೆಯಿಂದ ತುದಿಯವರೆಗೆ ಸ್ಪಷ್ಟವಾದ ಚಿತ್ರ ಬರುತ್ತದೆ. ಪ್ರಕೃತಿಯೇ ಪ್ರಾಣಿಯನ್ನು ನಿಶ್ಚಲವಾಗಿ ನಿಲ್ಲಿಸಿಕೊಡುವಾಗ ನಾವು ಬಲವಂತ ಮಾಡಬೇಕಾದುದೇನಿದೆ?

ಆದರೂ ಬಲವಂತದ ಆಸೆ ಎಲ್ಲರಿಗೂ ಹುಟ್ಟುತ್ತದೆ. ನಮಗೂ ಹುಟ್ಟಿತ್ತು. ಕರಿಬೇವಿನ ಗಿಡದಲ್ಲಿ ನಿಂಬೆಚಿಟ್ಟೆಯ ಹುಳು ಬೆಳೆಯುವುದನ್ನು ಬಹುಮಂದಿ ನೋಡಿರಬಹುದು. ಎಳೆಯದಾಗಿದ್ದಾಗ ಹಕ್ಕಿಯ ಹಿಕ್ಕೆಯಂತೆ, ಬೆಳೆದ ಮೇಲೆ ಎಲೆಯಂತೆ ಹಸುರಾಗಿ ಕಾಣುವುದು ಅದರ ಉಪಾಯ. ಯಾರಾದರೂ ಕೆಣಕಿದರೆ ಮಾತ್ರ ತಲೆಯ ಹಿಂಭಾಗದಿಂದ ಕೆಂಬಣ್ಣದ ಕವಲುಕೊಂಬೊಂದನ್ನು ಹೊರಚಾಚಿ ಘಾಟುವಾಸನೆಯನ್ನು ಬಿಡುತ್ತದೆ. ಒಂದು ದಿನ ನಾವು ಹುಲ್ಲುಕಡ್ಡಿಯಿಂದ ಅಂಥ ಹುಳುವೊಂದನ್ನು ತಿವಿದು ತಿವಿದು ಆ ಕೊಂಬಿನ ಚಿತ್ರವನ್ನು ಹಿಡಿದೆವು. ಹಿಗ್ಗಿನಿಂದ ಮಿತ್ರರೊಬ್ಬರಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ಇದು ಹುಳುವಿನ ಚಿತ್ರವಲ್ಲ, ಸ್ವಾಮಿ, ನೀವು ಕೊಟ್ಟ ಕಾಟದ ಚಿತ್ರ” ಎಂದರು. ಮರುದಿನ ನೋಡಿದಾಗ ಆ ಹುಳು ಗಿಡದಲ್ಲಿ ಇರಲಿಲ್ಲ. ಅದಕ್ಕೆ ಏನಾಯಿತೆಂಬುದನ್ನು ಅರಿಯೆವು. ಅಂದಿನಿಂದ ಕಡ್ಡಿಯನ್ನಂತೂ ಕೈಯಲ್ಲಿ ಹಿಡಿಯಲಿಲ್ಲ.

ಕೀಟವನ್ನು ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿ, ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಸೂರ್ಯನಕುದುರೆಯು ಬೆದರಿ ರೆಕ್ಕೆ ಬಿಚ್ಚಿ ನಿಂತುದನ್ನು ನರ್ತನವೆಂದು ಹೇಳಿ ಬಹುಮಾನ ಪಡೆಯಲೂಬಹುದು. ದೋಷವು ಕ್ರೌರ್ಯ ಒಂದೇ ಅಲ್ಲ. ನೋಡುವವನಿಗೆ ಸುಳ್ಳು ಹೇಳಿದಂತಾಗುವುದೂ ದೋಷವೇ. ಸತ್ತ ಮಾದರಿಯ ಚಿತ್ರವನ್ನು ತೆಗೆಯಬಾರದೆಂದು ನಾವು ಹೇಳುವುದಿಲ್ಲ. ಇಂಗ್ಲೆಂಡಿನ ಲೆವನ್ ಬಿಸ್ ಎಂಬವರು ಆಕ್ಸ್‌ಫರ್ಡ್ ವಸ್ತುಸಂಗ್ರಹಾಲಯದ ಕೀಟಗಳನ್ನು ಸಾವಿರಾರು ಬಿಡಿಚಿತ್ರಗಳಿಂದ ಜೋಡಿಸಿ 2016ರಲ್ಲಿ ಪ್ರದರ್ಶಿಸಿದರು. ಅವು ಸಂಗ್ರಹಾಲಯದ ಮಾದರಿಗಳೆಂದು ಮುಚ್ಚುಮರೆಯಿಲ್ಲದೆ ತಿಳಿಸಿದುದರಿಂದ ಅಲ್ಲಿ ವಂಚನೆಯಿಲ್ಲ.

ಈ ಪ್ರಾಮಾಣಿಕತೆಗೆ ಇಷ್ಟು ಬೆಲೆಯೇಕೆಂದರೆ, ಚಿತ್ರವು ಸಾಕ್ಷಿಯೂ ಆಗಬಲ್ಲದು. ಕೀಟಗಳನ್ನು ಹತ್ತಿರದಿಂದ ನೋಡುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟಶಾಸ್ತ್ರಜ್ಞರಾಗಿ ಬಂದ ಲೆಸ್ಲಿ ಕೋಲ್‌ಮನ್ನರು ಜೋಳದ ಬೆಳೆಯನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನು ಅಭ್ಯಾಸಮಾಡಿದರು. ಆ ಮಿಡತೆಯ ಕುಲಕ್ಕೆ ಕೋಲ್‌ಮೇನಿಯಾ ಎಂದು ಅವರ ಹೆಸರೇ ಬಂದಿತು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ ಆರಂಭವಾಯಿತು. ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇರುವುದೂ ಅದೇ ಹೆಬ್ಬಾಳದಲ್ಲಿ. ಅಲ್ಲಿ ಸೂಜಿಗೆ ಚುಚ್ಚಿಟ್ಟ ಕೀಟವು ತನ್ನ ರೂಪವನ್ನು ನಿಖರವಾಗಿ ಹೇಳುತ್ತದೆ. ಎಷ್ಟೋ ಜಾತಿಗಳನ್ನು ಚಿತ್ರದಿಂದ ಮಾತ್ರವೇ ಗುರುತಿಸಲಾಗದು, ಮಾದರಿಯೇ ಬೇಕು. ಆದರೆ ಆ ಜೀವಿ ಯಾವ ಗಿಡದ ಮೇಲೆ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿತ್ತೆಂಬುದನ್ನು ಜೀವಂತಚಿತ್ರವು ಹೇಳಬಲ್ಲದು. ಅದಕ್ಕಾಗಿ ಪ್ರತಿಯೊಂದು ಚಿತ್ರದ ಜೊತೆಗೆ ದಿನಾಂಕ, ಸ್ಥಳ, ಗಿಡದ ಹೆಸರು, ನಾವು ಏನನ್ನಾದರೂ ಸರಿಸಿದ್ದರೆ ಆ ಸಂಗತಿ, ಇವಿಷ್ಟನ್ನು ಬರೆದಿಡತಕ್ಕದ್ದು.

ಖಾಲಿ ನಿವೇಶನಗಳಲ್ಲಿ ಮನೆಗಳು ಏಳುವುದು ಸಹಜವೇ. ಅದನ್ನು ದೂರಿ ಫಲವಿಲ್ಲ. ಆದರೆ ಕಳೆಯೆಂದು ನಾವು ಕಿತ್ತೆಸೆಯುವ ಗಿಡ, ಕಸವೆಂದು ಸುಡುವ ಒಣಕಡ್ಡಿ ಯಾರದೋ ಮನೆಯೂ ಮಂಚವೂ ಆಗಿರುತ್ತವೆ. ಆ ನೀಲಿಪಟ್ಟೆಯ ಜೇನಿನ ಹೆಣ್ಣು ಮಣ್ಣಿನಲ್ಲಿ ಗೂಡು ತೋಡುತ್ತದೆ, ಟೊಮೇಟೊ ಹೂವನ್ನು ಅಪ್ಪಿ ಝೇಂಕರಿಸಿ ಪರಾಗವನ್ನು ಉದುರಿಸುತ್ತದೆ. ಹಿತ್ತಲಿನ ಒಂದು ಮೂಲೆಯನ್ನು ಗುಡಿಸದೆ, ಕಲ್ಲುಹಾಸದೆ ಬಿಟ್ಟರೆ ಅದಕ್ಕೆ ಸಾಕು. ಕ್ಯಾಮರಾ ಇಲ್ಲದವರು ಒಂದು ಭೂತಗನ್ನಡಿಯನ್ನಾದರೂ ಹಿಡಿದು, ಬಿಸಿಲೇರುವುದಕ್ಕೆ ಮುಂಚೆ ಆ ಮೂಲೆಗೆ ಹೋಗಿ ಕುಳಿತುಕೊಳ್ಳಲಿ. ಕೈ ಮುಂದೆ ಮಾಡದೆ ಕಣ್ಣು ಮಾತ್ರ ಮುಂದೆಮಾಡಿದರೆ, ನೋಡಬೇಕಾದುದು ತಾನಾಗಿಯೇ ಕಾಣಿಸಿಕೊಳ್ಳುತ್ತದೆ.