ಮನಸ್ಸು ಕುಗ್ಗಿದಾಗ ತೋಟದ ಕೆಲಸ

ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಬೋರ್ಡೋ ಹೊಡೆಯಬೇಕು, 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕೆಂಬುದನ್ನು ನಮ್ಮ ಬೆಳೆಗಾರ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೈಲುತುತ್ತ, ಸುಣ್ಣ ತಂದಿಟ್ಟ ಮನೆಯಲ್ಲೇ ಕೆಲವೊಮ್ಮೆ ಔಷಧಿ ಹೊಡೆಯದೆ ಉಳಿಯುವುದುಂಟು. ಆಳು ಸಿಗದಿರುವುದು, ಮಳೆ ಹೊಳವಾಗದಿರುವುದು ಕಾರಣವಿರಬಹುದು. ಯಜಮಾನನಿಗೆ ಖಿನ್ನತೆ ಬಂದಿರುವುದೂ ಕಾರಣವಿರಬಹುದು. ಊರು ಮಾತ್ರ ಅದನ್ನು ಸೋಮಾರಿತನವೆಂದೇ ಕರೆಯುತ್ತದೆ.

ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಸಂಬಳದ ನೌಕರನಿಗೆ ರಜೆಯ ಲೆಕ್ಕವಾದರೂ ಇದೆ. ಎರಡೆಕರೆ ತೋಟದವನ ರಜೆಯನ್ನು ಬರೆದಿಡುವವರು ಯಾರು? ಕಾಂಡಕೊರಕ ಹಿಡಿದ ಕಾಫಿ ಗಿಡ ಕಿತ್ತು ಸುಡದೆ ನಿಂತಿರುತ್ತದೆ; ಹುಳು ಪಕ್ಕದ ತೋಟಕ್ಕೂ ದಾಟುತ್ತದೆ.

ತೋಟಗಾರಿಕೆಯಲ್ಲಿ ಮೈ ದುಡಿಮೆಯಷ್ಟೇ ತೀರ್ಮಾನಗಳೂ ಮುಖ್ಯ. ಇಂದು ಎಷ್ಟು ಆಳು, ಕಪಾತು ಯಾವಾಗ, ಅಡಿಕೆ ಮಾರುವುದೋ ಇಡುವುದೋ? ಖಿನ್ನತೆ ಕೆಡಿಸುವುದು ಇದನ್ನೇ. ಆಳು ನೋಡಲು ಗಟ್ಟಿಮುಟ್ಟು. ಆದರೆ ನಸುಕಿಗೂ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆಯಿಲ್ಲ, ಬೆಳಗಾದರೆ ತೋಟಕ್ಕಿಳಿಯಲು ಕಾಲೇಳದು. ಸಾಲದ ನೋಟೀಸು ಒಡೆಯದೆ ಬಿದ್ದಿರುತ್ತದೆ. ಹೆಂಗಸರಲ್ಲಿ ಈ ಕಾಯಿಲೆ ಇನ್ನೂ ಹೆಚ್ಚು. ಅವರು ಸುಸ್ತು, ಮೈಕೈ ನೋವು ಎಂದಷ್ಟೇ ಹೇಳುತ್ತಾರೆ, ಅಡಿಕೆ ಸುಲಿಯುತ್ತಲೇ ಇರುತ್ತಾರೆ. ಎರಡು ವಾರ ಹೀಗೇ ಮುಂದುವರಿದರೆ ವೈದ್ಯರಿಗೆ ತೋರಿಸತಕ್ಕದ್ದು.

ಚಿಕಿತ್ಸೆಯಿಂದ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಎಂಟನೇ ದಿನಕ್ಕೇ ಗುಣವಿಲ್ಲವೆಂದು ಬಿಟ್ಟವರೇ ಹೆಚ್ಚು ಕಷ್ಟಪಡುತ್ತಾರೆ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದು ವೈದ್ಯರ ಮಾತಿನ ಮೇಲೆ. ಅಷ್ಟರಲ್ಲಿ ರೋಗಿಯನ್ನು ಮೂಲೆಯಲ್ಲಿ ಕೂರಿಸುವುದೂ ಬೇಡ, ಗದರಿಸಿ ದುಡಿಸುವುದೂ ಬೇಡ. ಒಂದು ಸಾಲಿನ ಕಳೆ ಕೀಳಲಿ, ಸಾಕು. ಜಮೀನು ಮಾರುವಂಥ ತೀರ್ಮಾನವನ್ನು ಮುಂದೂಡುವುದು ಕ್ಷೇಮ. ಔಷಧಿ ಹೊಡೆಯುವ ಕೆಲಸಕ್ಕೆ ನೆರೆಯವರು ಮುಯ್ಯಾಳು ಕೊಡಬಹುದು. ಮುಯ್ಯಿ ತೀರಿಸಲು ಮುಂದಿನ ಸುಗ್ಗಿ ಇದ್ದೇ ಇದೆ.

ಸಾಯುವ ಮಾತು ಬಾಯಿಗೆ ಬಂದರೆ ಹಗುರವಾಗಿ ಎಣಿಸಕೂಡದು. ಅಂಥವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಕಳೆನಾಶಕಗಳನ್ನು ಆ ಮನೆಯಿಂದಲೇ ಸಾಗಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳು, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು. ಸಂಖ್ಯೆ 14416.