ಹನ್ನೆರಡು ವೋಲ್ಟಿನಿಂದ ಹಾರುವ ಕಿಡಿ

ಕಂದಿಕೆರೆಯಿಂದ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿಗೆ ಹೊರಟ ಪೆಟ್ರೋಲ್ ವ್ಯಾನು ಬೆಳಗಿನ ತಂಪಿನಲ್ಲಿ ಚೆನ್ನಾಗಿ ಓಡಿ, ಎಂಜಿನ್ ಕಾದ ಮೇಲೆ ದಿಣ್ಣೆ ಹತ್ತುವಾಗ ಮಿಸ್ಸಿಂಗ್ ಹೊಡೆಯತೊಡಗಿತು ಅನ್ನಿ. ಆಗ ಪಳಗಿದ ಮೆಕ್ಯಾನಿಕ್ಕಿನ ಅನುಮಾನ ಕಿಡಿಗೆ ವೋಲ್ಟೇಜ್ ಏರಿಸುವ ಸುರುಳಿಯಾದ ಇಗ್ನಿಷನ್ ಕಾಯಿಲ್ ಮೇಲೂ ಹೋಗುತ್ತದೆ. ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನಲ್ಲಿ ಕಿಡಿ ಹಾರಲು ಬೇಕಾದದ್ದು ಸಾವಿರಾರು ವೋಲ್ಟ್. ಇದಕ್ಕೆ ಉಪಾಯ ಸಿಕ್ಕಿದ್ದು ಕಾರು ಹುಟ್ಟುವ ಅರ್ಧ ಶತಮಾನ ಮೊದಲು, ಪಾದ್ರಿಗಳನ್ನು ತಯಾರು ಮಾಡುವ ಕಾಲೇಜೊಂದರಲ್ಲಿ.

1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿದರು. ಒಂದರಲ್ಲಿ ಕರೆಂಟ್ ಹರಿಸಿದ ಅಥವಾ ಕಡಿದ ಕ್ಷಣ ಮಾತ್ರ ಇನ್ನೊಂದರಲ್ಲಿ ಕರೆಂಟ್ ಮೂಡಿತು. ಐರ್ಲೆಂಡಿನ ಮೇನೂತ್‌ನ ಆ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಪಾದ್ರಿ ನಿಕೋಲಸ್ ಕ್ಯಾಲನ್ 1836ರಲ್ಲಿ ಕಬ್ಬಿಣದ ಮೇಲೆ ದಪ್ಪ ತಂತಿಯನ್ನೂ ಬಹಳ ಉದ್ದದ ಸಣ್ಣ ತಂತಿಯನ್ನೂ ಸುತ್ತಿದರು. ದಪ್ಪ ತಂತಿಯ ಕರೆಂಟನ್ನು ಥಟ್ಟನೆ ಕಡಿದಾಗ ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜ್ ಚಿಮ್ಮಿತು. ಅದನ್ನು ಅಳೆಯಲು ತಕ್ಕ ಮೀಟರ್ ಇರಲಿಲ್ಲ. ವಿದ್ಯಾರ್ಥಿಗಳ ಕೈಗೇ ತಂತಿ ಕೊಟ್ಟು ಶಾಕ್ ಎಷ್ಟು ಜೋರೆಂದು ನೋಡುತ್ತಿದ್ದರಂತೆ.

ವೋಲ್ಟೇಜ್ ಏರಿದಂತೆ ಕಿಡಿ ಸುರುಳಿಯೊಳಗೇ ಸೋರುವ ಕಾಟ ಶುರುವಾಯಿತು. ಪ್ಯಾರಿಸ್ಸಿನ ಹೈನ್ರಿಕ್ ರುಮ್‌ಕೋರ್ಫ್ ತಂತಿಯ ನಿರೋಧಕ ಹೊದಿಕೆಯನ್ನು ಬಿಗಿ ಮಾಡಿ 1851ರಲ್ಲಿ ಪೇಟೆಂಟ್ ಪಡೆದರು. 1864ರಲ್ಲಿ ಫ್ರಾನ್ಸಿನ ಚಕ್ರವರ್ತಿಯಿಂದ 50,000 ಫ್ರಾಂಕ್ ಬಹುಮಾನವೂ ಬಂತು. ಕ್ಯಾಲನ್ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು. 1860ರ ಲೆನ್ವಾರ್ ಗ್ಯಾಸ್ ಎಂಜಿನ್ನಿಗೆ ಕಿಡಿ ಕೊಟ್ಟದ್ದು ರುಮ್‌ಕೋರ್ಫ್ ಸುರುಳಿಯೇ. ಕಾಯಿಲ್, ಅದರ ಕರೆಂಟ್ ಕಡಿಯುವ ಪಾಯಿಂಟ್, ಬ್ಯಾಟರಿ ಸೇರಿದ ಚಾರ್ಲ್ಸ್ ಕೆಟ್ಟರಿಂಗ್ ಅವರ ಏರ್ಪಾಟು 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಅಂಬಾಸಿಡರ್ ಓಡಿದ್ದೂ ಅದೇ ತತ್ವದ ಮೇಲೆ. ಈಗ ಪಾಯಿಂಟಿನ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ, ಕಾಯಿಲ್ ಹಾಗೇ ಇದೆ.

ರುಮ್‌ಕೋರ್ಫ್ ಎದುರಿಸಿದ ಕಾಟವೂ ಹಾಗೇ ಇದೆ. ಕಾವಿಗೆ ಹೊದಿಕೆ ಸೀಳಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ತಣ್ಣಗಿದ್ದಾಗ ಮೀಟರ್ ಇಟ್ಟು ಓಮ್ ನೋಡಿದರೆ ಎಲ್ಲ ಸರಿಯೆಂದೇ ತೋರಬಹುದು. ಮೀಟರಿನ ಸಣ್ಣ ಬ್ಯಾಟರಿಗೆ ಆ ಸೀಳು ಸಿಗುವುದಿಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಾದರೆ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಅನುಮಾನದ ಕಾಯಿಲನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿ, ಗಾಡಿ ಕಾಯುವವರೆಗೆ ಓಡಿಸಿ. ಮಿಸ್ಸಿಂಗ್ ಕಾಯಿಲಿನ ಹಿಂದೆಯೇ ಹೋದರೆ ಅದನ್ನು ಬದಲಿಸಿ. ಹೋಗದಿದ್ದರೆ ಪ್ಲಗ್, ವೈರಿಂಗ್, ಇಂಜೆಕ್ಟರ್ ನೋಡಿ.

ಹೊಸ ಕಾಯಿಲ್ ಹಾಕಿಸುವಾಗ ಪ್ಲಗ್ಗುಗಳನ್ನೂ ಬಿಚ್ಚಿ ನೋಡಿಸಿ. ತೇದ ಪ್ಲಗ್ಗಿನ ಗ್ಯಾಪ್ ಅಗಲವಾಗಿ, ಕಾಯಿಲ್ ಪ್ರತಿ ಕಿಡಿಗೂ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಹೊಸ ಕಾಯಿಲೂ ಬೇಗ ಸುಟ್ಟುಹೋಗುತ್ತದೆ. ಮಿಸ್ಸಿಂಗ್ ಇದ್ದರೂ ಸಂತೆ ಮುಗಿಸಿ ಬರೋಣ ಎಂದು ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಅದರ ಖರ್ಚು ಕಾಯಿಲಿಗಿಂತ ಬಹಳ ದೊಡ್ಡದು.